ಉರಿಲಿಂಗಪೆದ್ದಿ

ಪುಂಡನಾಗಿದ್ದವನು ತಿದ್ದಿಕೊಂಡು ನಾಯಕನ ನೆಚ್ಚಿನ ಸಂಗಡಿಗನಾಗುವ ಕಥೆಯನ್ನು ಇಂದಿನ ಜಪಾನೀ ಚಿತ್ರಕಥೆಗಳು ಮತ್ತೆ ಮತ್ತೆ ಹೇಳುತ್ತವೆ. ಕನ್ನಡಿಗರಿಗೆ ಅಂಥವನೊಬ್ಬನ ಪರಿಚಯ 12ನೆಯ ಶತಮಾನದಿಂದಲೇ ಉಂಟು. ಅವನು ಪೆದ್ದಣ್ಣ, ಕಳವು ಅವನ ಕಸುಬು.

ಒಂದು ರಾತ್ರಿ ಕದಿಯಲು ಹೋದ ಮನೆಯಲ್ಲಿ ಉರಿಲಿಂಗದೇವನು ದೀಕ್ಷೆ ಕೊಡುತ್ತಿದ್ದುದನ್ನು ಅವನು ಮರೆಯಲ್ಲಿ ನಿಂತು ಕಂಡನೆಂದು ಪರಂಪರೆ ಹೇಳುತ್ತದೆ. ಬಂದವನು ಬರಿಗೈಯಲ್ಲಿ ಮರಳಿದನು. ಅಂದಿನಿಂದ ಕಳವನ್ನು ತೊರೆದು, ದಿನವೂ ಕಾಡಿನಿಂದ ಸೌದೆಯ ಹೊರೆ ತಂದು ಗುರುವಿನ ಮನೆಗೆ ಹಾಕತೊಡಗಿದನು. ಕೂಲಿ ಬೇಡಲಿಲ್ಲ, ಬೇಡಿದ್ದು ದೀಕ್ಷೆಯೊಂದನ್ನೇ. ಕಾಟ ತಾಳದ ಗುರು ಸಿಟ್ಟಿನಿಂದ ಕಲ್ಲೊಂದನ್ನು ಎಸೆದನಂತೆ. ಪೆದ್ದಣ್ಣ ಆ ಕಲ್ಲನ್ನೇ ಲಿಂಗವೆಂದು ಕಣ್ಣಿಗೊತ್ತಿಕೊಂಡನು. ಕಳ್ಳನನ್ನು ನಂಬಲು ಗುರುವಿಗೂ ಕಾಲ ಹಿಡಿಯಿತೆಂಬುದೇ ಈ ಕಥೆಯ ಸೊಗಸು. ಮನಸ್ಸು ತಿರುಗಿದ್ದು ಒಂದೇ ರಾತ್ರಿಯಲ್ಲಿ. ನಂಬಿಕೆ ಗಳಿಸಿದ್ದು ಹೊರೆ ಹೊರೆಯಾಗಿ.

ಮುಂದೆ ಅವನು ಗುರುವಿನ ಹೆಸರನ್ನು ತನ್ನದರೊಡನೆ ಕೂಡಿಸಿಕೊಂಡು ಉರಿಲಿಂಗಪೆದ್ದಿಯಾದನು. ಗುರುವಿನ ತರುವಾಯ, ಇಂದು ಮಹಾರಾಷ್ಟ್ರದ ನಾಂದೇಡ ಜಿಲ್ಲೆಗೆ ಸೇರಿರುವ ಕಂಧಾರದ ಮಠಕ್ಕೆ ಒಡೆಯನಾದನು. ಅಸ್ಪೃಶ್ಯವೆನಿಸಿದ್ದ ಕುಲದವನೊಬ್ಬನು ಪೀಠವೇರಿದ್ದು ಆ ಕಾಲಕ್ಕೆ ಸಣ್ಣ ಮಾತಲ್ಲ. ಅವನ 300ಕ್ಕೂ ಹೆಚ್ಚು ವಚನಗಳು ದೊರೆತಿವೆ. ಅವುಗಳ ತುಂಬ ಸಂಸ್ಕೃತದ ಉಕ್ತಿಗಳು. ಹೆಂಡತಿ ಕಾಳವ್ವೆಯೂ ವಚನಕಾರ್ತಿ. ಅವಳ ಅಂಕಿತ ‘ಉರಿಲಿಂಗಪೆದ್ದಿಗಳರಸ’.