ಕಣ್ಣಿಂದ ಹೊರಟ ಕಿರಣ

ಅಕ್ಕನನ್ನು ನೋಡಿಕೊಂಡು ಬರೋಣವೆಂದು ಮೈಸೂರಿಗೆ ಹೋಗಿದ್ದೆ. ಊಟವಾಗಿ ಎಲೆಅಡಿಕೆ ತಟ್ಟೆಗೆ ಕೈಹಾಕುವಷ್ಟರಲ್ಲಿ ಒಳಕೋಣೆಯಿಂದ ಅವಳ ಮಗಳು ಕೂಗಿದಳು: “ಮಾವ, ಬೇಗ ಬನ್ನಿ, ಚೆಂಡು ಬಂತು!” ಲ್ಯಾಪ್‌ಟಾಪಿನ ತುಂಬ ತಿಳಿನೀಲಿ, ನಡುವೆ ಕುಂಕುಮದ ಬೊಟ್ಟಿನಂಥ ಕೆಂಪು ವೃತ್ತ. ಅಷ್ಟೇ. ಆದರೆ ಅವಳ ಪ್ರೋಗ್ರಾಮಿನಲ್ಲಿ ‘ವೃತ್ತ ಎಳೆ’ ಎಂಬ ಆಜ್ಞೆ ಎಲ್ಲೂ ಇರಲಿಲ್ಲ. ಕಣ್ಣು ಇಲ್ಲಿದೆ, ಚೆಂಡು ಅಲ್ಲಿದೆ, ಈ ದಿಕ್ಕಿಗೆ ನೋಡಿದರೆ ಏನು ಕಾಣುತ್ತದೆ ಎಂದು ಅವಳು ಕಂಪ್ಯೂಟರನ್ನು ಇಪ್ಪತ್ತು ಸಾವಿರ ಸಲ ಕೇಳಿದ್ದಳು. ವೃತ್ತ ತಾನಾಗಿ ಮೂಡಿತ್ತು. ಆ ಮಧ್ಯಾಹ್ನದ ಸಂಭ್ರಮ ನನ್ನಲ್ಲಿ ಇನ್ನೂ ಇಳಿದಿಲ್ಲ.

ಹೀಗೆ ಒಂದೊಂದು ದಿಕ್ಕಿಗೂ ಕಿರಣ ಕಳಿಸಿ ಚಿತ್ರ ಮೂಡಿಸುವುದಕ್ಕೆ ರೇ ಟ್ರೇಸಿಂಗ್ ಎನ್ನುತ್ತಾರೆ. ಗೇಮ್ ಆಡುವ ಮಕ್ಕಳಿರುವ ಮನೆಗಳಿಗೆ ಆ ಮಾತು ಹೊಸದಲ್ಲ. 2018ರಲ್ಲಿ ಎನ್‌ವಿಡಿಯಾ ತನ್ನ ಆರ್‌ಟಿಎಕ್ಸ್ ಕಾರ್ಡುಗಳನ್ನು ತಂದಾಗಿನಿಂದ ಜಾಹೀರಾತುಗಳಲ್ಲೆಲ್ಲ ಅದೇ. ಆ ಜಾಹೀರಾತುಗಳನ್ನು ನಾನು ಪೂರ್ತಿ ನಂಬುವುದಿಲ್ಲ. ಗೇಮಿನ ಓಟಕ್ಕೆ ಸರಿಯಾಗಿ ಒಂದೊಂದು ಚುಕ್ಕಿಗೆ ಕಳಿಸಲಾಗುವುದು ಬೆರಳೆಣಿಕೆಯ ಕಿರಣಗಳನ್ನು. ಉಳಿದದ್ದನ್ನು ಯಂತ್ರ ಊಹಿಸಿ ತುಂಬುತ್ತದೆ. ಕೈಯಾರೆ ಬರೆದ ಪುಟ್ಟ ಪ್ರೋಗ್ರಾಮ್ ನಿಧಾನ, ನಿಜ. ಆದರೆ ಅದರಲ್ಲಿ ಒಂದೊಂದು ಕಿರಣವೂ ಎಲ್ಲಿಗೆ ಹೋಯಿತೆಂದು ಬರೆದವರಿಗೆ ಗೊತ್ತಿರುತ್ತದೆ. ಹುಡುಗಿ ಅನುಸರಿಸುತ್ತಿದ್ದದ್ದು ಪೀಟರ್ ಶರ್ಲಿ 2016ರಲ್ಲಿ ಹೊರತಂದ ‘ರೇ ಟ್ರೇಸಿಂಗ್ ಇನ್ ಒನ್ ವೀಕೆಂಡ್’ ಎಂಬ ಪುಸ್ತಕ. ಆನ್‌ಲೈನಿನಲ್ಲಿ ಉಚಿತವಾಗಿ ಸಿಗುತ್ತದೆ.

ಕಿರಣ ಚೆಂಡಿಗೆ ತಾಗಿತೋ ಇಲ್ಲವೋ ಎಂದು ತಿಳಿಯಲು ಬೇಕಾದದ್ದು ಎಸ್ಸೆಸ್ಸೆಲ್ಸಿಯ ವರ್ಗ ಸಮೀಕರಣ. ‘ಬಿ ಸ್ಕ್ವೇರ್ ಮೈನಸ್ ಫೋರ್ ಎಸಿ’ ಎಂದು ಬಾಯಿಪಾಠ ಮಾಡಿದ ಶೋಧಕ ನೆನಪಿದೆಯಲ್ಲ? ಅದು ಋಣವಾದರೆ ಕಿರಣ ಚೆಂಡನ್ನು ಮುಟ್ಟದೆ ಹೋಯಿತು. ಸೊನ್ನೆಯಾದರೆ ಅಂಚನ್ನು ಸವರಿಕೊಂಡು ಹೋಯಿತು. ಧನವಾದರೆ ಒಂದು ಕಡೆ ಹೊಕ್ಕು ಇನ್ನೊಂದು ಕಡೆ ಹೊರಬಂತು. ಹೊಕ್ಕ ಜಾಗವೇ ನಮಗೆ ಕಾಣುವ ಮೈ. ‘ಮೂಲಗಳ ಸ್ವಭಾವ ತಿಳಿಸಿ’ ಎಂಬ ಪ್ರಶ್ನೆಯ ಹಿಂದೆ ಇಂಥ ಚಿತ್ರವೊಂದು ಇದೆಯೆಂದು ಅಂದೇ ಕಂಡಿದ್ದರೆ ಗಣಿತವನ್ನು ನಾನು ಇನ್ನಷ್ಟು ಪ್ರೀತಿಸುತ್ತಿದ್ದೆ.

ಚಿತ್ರದ ಫೈಲನ್ನು ಅವಳು ನೋಟ್‌ಪ್ಯಾಡಿನಲ್ಲಿ ತೆರೆದು ತೋರಿಸಿದಳು. ಪಿಪಿಎಂ ಎಂಬ ನಮೂನೆ, ಬರೀ ಅಂಕಿಗಳು. ಮೊದಲು ‘ಪಿ3’, ಆಮೇಲೆ 200, 100, 255. ಅಲ್ಲಿಂದ ಕೆಳಗೆ ಚುಕ್ಕಿಗೆ ಮೂರರಂತೆ ಕೆಂಪೆಷ್ಟು, ಹಸಿರೆಷ್ಟು, ನೀಲಿಯೆಷ್ಟು. ಬೆರಳಿಟ್ಟು ಇಳಿಯುತ್ತ ಹೋದರೆ ‘255 0 0’ ಎಂಬ ಸಾಲು ಮೊದಲು ಎದುರಾಗುವ ಕಡೆ ಚೆಂಡಿನ ನೆತ್ತಿ.

ಬೊಟ್ಟು ಚೆಂಡಾದದ್ದು ಕಾಫಿಯ ಹೊತ್ತಿಗೆ. ಮೇಲ್ಮೈ ದೀಪಕ್ಕೆ ನೇರ ಮುಖ ಮಾಡಿದಷ್ಟೂ ಬೆಳಕು ಹೆಚ್ಚು, ಓರೆಯಾದಷ್ಟೂ ಕಡಿಮೆ. ಯೋಹಾನ್ ಲ್ಯಾಂಬರ್ಟ್ 1760ರಲ್ಲಿ ಪ್ರಕಟಿಸಿದ ನಿಯಮವಿದು. ಅದನ್ನು ಸೇರಿಸಲು ಅವಳಿಗೆ ಒಂದೇ ಸಾಲು ಸಾಕಾಯಿತು. ಚಪ್ಪಟೆ ಕೆಂಪು ಒಂದು ಬದಿಯಲ್ಲಿ ಬೆಳಗಿ, ಇನ್ನೊಂದು ಬದಿಯಲ್ಲಿ ಮಾಗಿದ ಹಣ್ಣಿನ ಹಾಗೆ ಕಪ್ಪಾಗುತ್ತ ಹೋಗಿ, ಕೈಯಲ್ಲಿ ಹಿಡಿಯಬೇಕೆನಿಸುವಷ್ಟು ಗುಂಡಗಾಯಿತು.

ಚರಿತ್ರೆ ದೊಡ್ಡದೇನಲ್ಲ. ಐಬಿಎಂನ ಆರ್ಥರ್ ಆಪೆಲ್ 1968ರಲ್ಲಿ ಹೀಗೆ ಕಿರಣ ಎಸೆದು ನೆರಳು ಕಂಡುಹಿಡಿದರು. ಬೆಲ್ ಲ್ಯಾಬ್ಸ್‌ನ ಟರ್ನರ್ ವಿಟೆಡ್ 1980ರಲ್ಲಿ ಪ್ರಕಟವಾದ ಪ್ರಬಂಧದಲ್ಲಿ, ತಾಗಿದ ಕಿರಣ ಅಲ್ಲೇ ನಿಲ್ಲಬೇಕಿಲ್ಲ ಎಂದರು. ಕನ್ನಡಿಯಾದರೆ ಪುಟಿಯಲಿ, ಗಾಜಾದರೆ ಬಾಗಲಿ, ಮುಂದೆಯೂ ಅದೇ ಪ್ರಶ್ನೆ ಕೇಳಲಿ. ಚೌಕಳಿ ನೆಲದ ಮೇಲೆ ತೇಲುವ ಗೋಳಗಳ ಅವರ ಒಂದು ಚಿತ್ರಕ್ಕೆ ವ್ಯಾಕ್ಸ್ ಕಂಪ್ಯೂಟರ್ 74 ನಿಮಿಷ ತೆಗೆದುಕೊಂಡಿತ್ತು.

ನನ್ನನ್ನು ಹಿಡಿದು ನಿಲ್ಲಿಸಿದ್ದು ಕಿರಣದ ದಿಕ್ಕು. ಲೋಕದಲ್ಲಿ ಬೆಳಕು ದೀಪದಿಂದ ವಸ್ತುವಿಗೆ, ವಸ್ತುವಿನಿಂದ ಕಣ್ಣಿಗೆ ಬರುತ್ತದೆ. ಪ್ರೋಗ್ರಾಮಿನಲ್ಲಿ ಎಲ್ಲ ಹಿಂದುಮುಂದು: ಕಿರಣ ಹೊರಡುವುದೇ ಕಣ್ಣಿನಿಂದ. ದೀಪ ಚೆಲ್ಲುವ ಬೆಳಕಿನಲ್ಲಿ ನಮ್ಮ ಕಣ್ಣಿಗೆ ಬಂದು ಸೇರುವುದು ಎಲ್ಲೋ ಒಂದಿಷ್ಟು. ಉಳಿದದ್ದರ ಲೆಕ್ಕ ಹಾಕಿ ಪ್ರಯೋಜನವಿಲ್ಲ. ಬಂದ ದಾರಿಯಲ್ಲೇ ಹಿಂದಕ್ಕೆ ಹೋದರೆ ಬೆಳಕಿನ ಹಾದಿ ಬದಲಾಗುವುದೂ ಇಲ್ಲ.

ಆಲ್‌ಬ್ರೆಕ್ಟ್ ಡ್ಯೂರರ್‌ನ 1525ರ ಪುಸ್ತಕದಲ್ಲಿ ಇದೇ ಕೆಲಸದ ಮರದಚ್ಚಿನ ಚಿತ್ರವೊಂದಿದೆ. ಗೋಡೆಗೆ ಸಿಕ್ಕಿಸಿದ ಒಂದು ಕೊಂಡಿಯೇ ಕಣ್ಣು. ಅಲ್ಲಿಂದ ಎಳೆದ ದಾರದ ತುದಿಯನ್ನು ಒಬ್ಬ ಮೇಜಿನ ಮೇಲಿನ ವೀಣೆಯಂಥ ವಾದ್ಯಕ್ಕೆ ಮುಟ್ಟಿಸುತ್ತಾನೆ. ದಾರ ನಡುವಿನ ಚೌಕಟ್ಟನ್ನು ಎಲ್ಲಿ ಹಾಯುತ್ತದೋ ಅಲ್ಲಿ ಇನ್ನೊಬ್ಬ ಚುಕ್ಕಿ ಗುರುತಿಸಿಕೊಳ್ಳುತ್ತಾನೆ. ದಾರವೇ ಕಿರಣ, ಚುಕ್ಕಿಯೇ ಪಿಕ್ಸೆಲ್.

ಅದಕ್ಕೂ ಬಹಳ ಹಿಂದೆ ನಮ್ಮ ನೈಯಾಯಿಕರು, ಕಣ್ಣಿನಿಂದ ಕಿರಣ ಹೊರಟು ವಸ್ತುವನ್ನು ಮುಟ್ಟುವುದರಿಂದಲೇ ನೋಟ ಎಂದು ವಾದಿಸಿದ್ದರು. ಆ ಕಿರಣ ಕಾಣುವುದಿಲ್ಲವಲ್ಲ ಎಂದರೆ, ಇರುಳಲ್ಲಿ ತಿರುಗುವ ಪ್ರಾಣಿಗಳ ಕಣ್ಣು ಹೊಳೆಯುವುದನ್ನು ನೋಡು ಎಂದು ನ್ಯಾಯಸೂತ್ರ ಉತ್ತರಿಸುತ್ತದೆ. ಇದನ್ನು ಒಪ್ಪದವರಲ್ಲಿ ನನಗೆ ತುಂಬ ಇಷ್ಟವಾದವರು ಶ್ರವಣಬೆಳಗೊಳದ ಶಾಸನಗಳು ಹೊಗಳುವ ಪೂಜ್ಯಪಾದರು. ‘ಸರ್ವಾರ್ಥಸಿದ್ಧಿ’ಯಲ್ಲಿ ಅವರು ಎತ್ತುವ ಪ್ರಶ್ನೆ ಮನೆಯ ಕನ್ನಡಿಯ ಮುಂದೆಯೇ ಹುಟ್ಟಿದಂತಿದೆ: ಚರ್ಮದ ಹಾಗೆ ಕಣ್ಣೂ ಮುಟ್ಟಿ ಅರಿಯುವುದಾದರೆ, ಕಣ್ಣಿಗೇ ಹಚ್ಚಿದ ಕಾಡಿಗೆಯನ್ನು ಕಣ್ಣು ಕಾಣಬೇಕಿತ್ತಲ್ಲ, ಯಾಕೆ ಕಾಣುವುದಿಲ್ಲ? ನೋಟದ ವಿಚಾರದಲ್ಲಿ ಹೊರಹೋಗುವ ಕಿರಣ ಸೋತಿತು. ಹನ್ನೊಂದನೇ ಶತಮಾನದ ಇಬ್ನ್ ಅಲ್ ಹೈತಮ್ ಬೆಳಕು ಕಣ್ಣಿನೊಳಕ್ಕೆ ಬರುತ್ತದೆಂದು ಸಾಧಿಸಿದ. ಚಿತ್ರ ಬರೆಯುವ ಲೆಕ್ಕದಲ್ಲಿ ಮಾತ್ರ ಆ ಕಿರಣ ಇಂದಿಗೂ ಹೊರಡುತ್ತಲೇ ಇದೆ.

ಕಾಡಿಗೆಯ ಮಾತು ಸುಮ್ಮನೆ ನೆನಪಾದದ್ದಲ್ಲ. ಸಂಜೆ ಅವಳು ನೆರಳು ಸೇರಿಸಿದಳು. ತಾಗಿದ ಬಿಂದುವಿನಿಂದ ದೀಪದ ಕಡೆಗೆ ಇನ್ನೊಂದು ಕಿರಣ ಕಳಿಸಬೇಕು. ಏನಾದರೂ ಅಡ್ಡ ಬಂದರೆ ಅಲ್ಲಿ ನೆರಳು. ಓಡಿಸಿದಳು ನೋಡಿ, ಚೆಂಡಿನ ಮೈತುಂಬ ಕರಿಚುಕ್ಕಿ! ಸಾಲುಗಳನ್ನು ಮತ್ತೆ ಮತ್ತೆ ಓದಿದೆವು, ತಪ್ಪಿರಲಿಲ್ಲ. ಈ ಕೆಲಸದವರು ಅದನ್ನು ‘ಶ್ಯಾಡೋ ಆಕ್ನೆ’, ನೆರಳಿನ ಮೊಡವೆ, ಎನ್ನುತ್ತಾರಂತೆ. ದಶಮಾಂಶದ ಕೊನೆಯ ಅಂಕಿಗಳನ್ನು ಕಂಪ್ಯೂಟರ್ ಕತ್ತರಿಸುವುದರಿಂದ ಬಿಂದು ಕೆಲವೊಮ್ಮೆ ಕೂದಲೆಳೆಯಷ್ಟು ಮೈಯ ಒಳಗೇ ಬಿದ್ದಿರುತ್ತದೆ. ಅಲ್ಲಿಂದ ಹೊರಟ ಕಿರಣ ತನ್ನದೇ ಮೈಗೆ ಡಿಕ್ಕಿ ಹೊಡೆದು, ಅದನ್ನೇ ಅಡ್ಡಿಯೆಂದುಕೊಳ್ಳುತ್ತದೆ. ಮದ್ದು ಸುಲಭ: 0.001ಕ್ಕಿಂತ ಹತ್ತಿರ ಏನೇ ಸಿಕ್ಕರೂ ಲೆಕ್ಕಕ್ಕೆ ತಗೋಬೇಡ. ತೀರ ಹತ್ತಿರದ ಕಾಡಿಗೆಯನ್ನು ಕಾಣದಿರಲು ಕಿರಣಕ್ಕೆ ಹೇಳಿಕೊಡಬೇಕಾಗಿ ಬಂತು. ಪೂಜ್ಯಪಾದರ ಪ್ರಶ್ನೆಗೂ ಇದಕ್ಕೂ ಸಂಬಂಧ ಕಟ್ಟುವುದು ನನ್ನ ಅಕ್ಕರೆಯೇ ಹೊರತು ಶಾಸ್ತ್ರವಲ್ಲ. ಆದರೂ ಆ ಸಾಲನ್ನು ಅವಳು ಟೈಪ್ ಮಾಡುವಾಗ ನನಗೆ ಮೈ ಜುಮ್ಮೆಂದಿತು.

ಮರುದಿನ ಗಾಜಿನ ಚೆಂಡು. ವಕ್ರೀಭವನಾಂಕ 1.5 ಎಂದು ಕೊಟ್ಟಳು. ಚಿತ್ರ ಬಂದಾಗ ಅವಳ ಮುಖ ಸಣ್ಣಗಾಯಿತು. ಚೆಂಡಿನೊಳಗೆ ನೆಲ ಮೇಲಿತ್ತು, ಆಕಾಶ ಕೆಳಗಿತ್ತು. “ಎಲ್ಲೋ ಮೈನಸ್ ಚಿಹ್ನೆ ಬಿಟ್ಟಿದೀನಿ ಮಾವ” ಎಂದು ಹುಡುಕತೊಡಗಿದಳು. ಅಕ್ಕ ಮೇಜಿನ ಖಾನೆಯಿಂದ ಹಳೆಯದೊಂದು ಗಾಜಿನ ಗೋಲಿ ತಂದುಕೊಟ್ಟಳು. ಹುಡುಗಿ ಅದನ್ನು ಎರಡು ಬೆರಳಲ್ಲಿ ಹಿಡಿದು ಕಿಟಕಿಗೆ ಒಡ್ಡಿ, ಒಂದು ಕಣ್ಣು ಮುಚ್ಚಿದಳು. ಆಮೇಲೆ ನನ್ನ ಕೈಗೆ ಕೊಟ್ಟಳು. ಗೋಲಿಯೊಳಗೆ ಹಿತ್ತಲಿನ ತೆಂಗಿನಮರ, ಗರಿ ಕೆಳಗೆ, ಬೇರು ಮೇಲೆ.