ಆಕರಕೋಶವೂ ಕಾನೂನೂ

ಕಳೆದ ಬೇಸಗೆಯ ಒಂದು ಭಾನುವಾರ, ಬಿಡಾರದ ಆನೆಗಳು ತುಂಗೆಯ ಹಿನ್ನೀರಿನಲ್ಲಿ ಮಿಂದು ದಡ ಹತ್ತುವ ಹೊತ್ತಿಗೆ, ಸಕ್ರೆಬೈಲಿನ ನಮ್ಮ ಮನೆಗೆ ಹಳೆಯ ವಿದ್ಯಾರ್ಥಿಯೊಬ್ಬ ಹೆಂಡತಿಯೊಡನೆ ಬಂದ. ಮದುವೆಯಾಗಿ ಬಹುಕಾಲ ಮಕ್ಕಳಾಗದೆ, ದೂರದ ಊರಿನ ಆಸ್ಪತ್ರೆಯೊಂದರಲ್ಲಿ ಪ್ರನಾಳಶಿಶು ಚಿಕಿತ್ಸೆ ಮಾಡಿಸಿಕೊಂಡವರು. ದೇವರ ದಯೆಯಿಂದ ಈಗ ಎರಡು ವರ್ಷದ ಹೆಣ್ಣುಮಗುವಿದೆ. ಮಗುವನ್ನು ಜಗಲಿಯ ಮೇಲೆ ಆಡಲು ಬಿಟ್ಟು ಆತ ಚೀಲದಿಂದ ಏಳೆಂಟು ಹಾಳೆಯ ಇಂಗ್ಲಿಷ್ ಕಾಗದ ತೆಗೆದ.

“ಮೇಷ್ಟ್ರೇ, ಇನ್ನೂ ನಾಲ್ಕು ಭ್ರೂಣ ಆಸ್ಪತ್ರೆಯಲ್ಲಿ ಉಳಿದಿವೆಯಂತೆ. ಇಟ್ಟುಕೊಳ್ಳಬೇಕೋ, ಬಿಟ್ಟುಬಿಡಬೇಕೋ, ಸಂಶೋಧನೆಗೆ ಕೊಡಬೇಕೋ, ಗುರುತು ಹಾಕಿ ರುಜು ಮಾಡಿ ಕಳಿಸಿ ಅಂದಿದ್ದಾರೆ. ಮೊದಲನೇ ಸಲ ಅವರು ಬೆರಳಿಟ್ಟ ಕಡೆಯಲ್ಲೆಲ್ಲ ರುಜು ಹಾಕಿದ್ದೆವು. ಓದುವುದಕ್ಕೆ ಬಿಡುವೇ ಇರಲಿಲ್ಲ.”

ಹೆಂಡತಿ ಒಂದೇ ಮಾತು ಕೇಳಿದಳು: “ಸಂಶೋಧನೆ ಅಂದರೆ ಅವನ್ನ ಏನು ಮಾಡ್ತಾರೆ ಸಾರ್?”

ಶಾಸನವೆಂದರೆ ಕಲ್ಲಿನ ಮೇಲೆ ಕೊರೆದದ್ದೆಂದೇ ತಿಳಿದಿದ್ದ ಕನ್ನಡ ಪಂಡಿತನಿಗೆ ಇದು ತೊಡಕಿನ ಪ್ರಶ್ನೆ. ಎರಡು ವಾರ ಅವಕಾಶ ಕೇಳಿ, ಕಾಯಿದೆಯನ್ನೇ ತರಿಸಿ ಓದಿದೆ. ಇಂಥ ಕಾಗದ ಇನ್ನೂ ಎಷ್ಟೋ ಮನೆಗಳ ಬೀರುವಿನಲ್ಲಿ ಇರಬಹುದಾದ್ದರಿಂದ, ತಿಳಿದಷ್ಟನ್ನು ಇಲ್ಲಿ ನಿವೇದಿಸುತ್ತೇನೆ.

ಮೊದಲು ಹೆಸರಿನ ವಿಚಾರ. ‘ಸ್ಟೆಮ್ ಸೆಲ್’ ಎಂಬುದನ್ನು ಕೆಲವರು ಕಾಂಡಕೋಶವೆನ್ನುತ್ತಾರೆ, ಕೆಲವರು ಆಕರಕೋಶವೆನ್ನುತ್ತಾರೆ. ಕಾಂಡವೆಂದೊಡನೆ ಮರದ ಬೊಡ್ಡೆ ಕಣ್ಣಿಗೆ ಕಟ್ಟುತ್ತದೆ; ಆಕರವೆಂದರೆ ಗಣಿ, ಹುಟ್ಟುವ ಎಡೆ. ಎರಡನೆಯದೇ ಸರಿಯೆಂದು ನನ್ನ ಮತ. ನಮ್ಮ ಮೈಯ ಕೋಶಗಳಲ್ಲಿ ಹೆಚ್ಚಿನವು ತಂತಮ್ಮ ಕಸುಬು ಹಿಡಿದು ನಿಂತಿವೆ. ಎಲುಬಿನ ಮಜ್ಜೆಯಲ್ಲಿರುವ ಆಕರಕೋಶಗಳು ರಕ್ತದ ಬಗೆಬಗೆಯ ಕೋಶಗಳನ್ನು ಹುಟ್ಟಿಸುತ್ತವೆ. ಆದರೆ ಐದು ದಿನದ ಭ್ರೂಣದ ಒಳಗಿರುವ ಕೋಶಗಳು ಇನ್ನೂ ಯಾವ ಕಸುಬಿಗೂ ಸೇರದವು. ನರ, ಹೃದಯ, ಯಕೃತ್ತು, ಹೀಗೆ ದೇಹದ ಯಾವ ಕೋಶವಾದರೂ ಆಗಬಲ್ಲವು. ಆ ಭ್ರೂಣವಾದರೂ ಎಷ್ಟು? ನೂರಿನ್ನೂರು ಕೋಶಗಳ ಒಂದು ಟೊಳ್ಳು ಉಂಡೆ, ಸಾಸಿವೆಗಿಂತ ಎಷ್ಟೋ ಚಿಕ್ಕದು. ಒಳಗಿನ ಕೋಶಗಳನ್ನು ತೆಗೆದು ಪೋಷಕದ್ರವದಲ್ಲಿ ಸಾಕಿದರೆ ಅವು ವರ್ಷಗಟ್ಟಲೆ ವೃದ್ಧಿಯಾಗುತ್ತ ಹೋಗುತ್ತವೆ. ಹೀಗೆ ಒಂದು ಭ್ರೂಣದಿಂದ ಬೆಳೆದ ಕೋಶಸಮೂಹವನ್ನು ಕೋಶಸಂತತಿ ಎನ್ನೋಣ. ೧೯೯೮ರಲ್ಲಿ ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಜೇಮ್ಸ್ ಥಾಮ್ಸನ್ ಮತ್ತು ಸಂಗಡಿಗರು ಇದನ್ನು ಮೊದಲು ಸಾಧಿಸಿದರು. ಸಾಮಾನ್ಯ ವಿಧಾನದಲ್ಲಿ ಒಳಗಿನ ಕೋಶಗಳನ್ನು ತೆಗೆದ ಮೇಲೆ ಭ್ರೂಣ ಉಳಿಯುವುದಿಲ್ಲ. ಆ ತಾಯಿಯ ಪ್ರಶ್ನೆಗೆ ಉತ್ತರ ಇದೇ. ಕಾನೂನಿನ ತಕರಾರೆಲ್ಲ ಹುಟ್ಟಿದ್ದೂ ಇಲ್ಲಿಯೇ.

ಗರ್ಭದಲ್ಲಿರುವ ಶಿಶು ನ್ಯಾಯಾಲಯಗಳಿಗೆ ಹೊಸತಲ್ಲ. ಆಸ್ತಿಯ ಒಡೆಯ ಸತ್ತಾಗ ಗರ್ಭದಲ್ಲಿದ್ದು ಆಮೇಲೆ ಜೀವಂತವಾಗಿ ಹುಟ್ಟಿದ ಮಗುವಿಗೂ ಹಕ್ಕುಂಟೆಂದು ೧೯೫೬ರ ಹಿಂದೂ ಉತ್ತರಾಧಿಕಾರ ಕಾಯಿದೆ ಹೇಳುತ್ತದೆ. ಆದರೆ ಗರ್ಭದಲ್ಲಿಯೂ ಇಲ್ಲದ, ಹುಟ್ಟಿಯೂ ಇಲ್ಲದ, ದ್ರವ ಸಾರಜನಕದ ಕೊರೆಯುವ ಶೀತದಲ್ಲಿ ಬೆಳವಣಿಗೆ ನಿಂತು ಕಾದಿರುವ ಭ್ರೂಣವನ್ನು ಹಳೆಯ ಕಾಯಿದೆಗಳು ಕನಸಿನಲ್ಲಿಯೂ ಕಂಡಿರಲಿಲ್ಲ. ಅದು ವ್ಯಕ್ತಿಯೇ, ವಸ್ತುವೇ? ವ್ಯಕ್ತಿಯೆಂದರೆ ಮುಟ್ಟುವಂತಿಲ್ಲ, ವಸ್ತುವೆಂದರೆ ಮಾರಬಹುದು. ಎರಡೂ ಬೇಡವೆಂದು ನಡುವಿನ ದಾರಿ ಹುಡುಕಿದವರಲ್ಲಿ ಇಂಗ್ಲೆಂಡಿನವರು ಪ್ರಮುಖರು. ಅಲ್ಲಿ ೧೯೭೮ರಲ್ಲಿ ಪ್ರಪಂಚದ ಮೊದಲ ಪ್ರನಾಳಶಿಶು ಹುಟ್ಟಿತು, ಮೇರಿ ವಾರ್ನಾಕ್ ಎಂಬ ವಿದುಷಿಯ ಸಮಿತಿ ೧೯೮೪ರಲ್ಲಿ ವರದಿಯೊಪ್ಪಿಸಿತು, ೧೯೯೦ರಲ್ಲಿ ಕಾಯಿದೆಯಾಯಿತು. ಪ್ರಯೋಗಶಾಲೆಯಲ್ಲಿ ಭ್ರೂಣವನ್ನು ಹದಿನಾಲ್ಕು ದಿನ ಮೀರಿ ಬೆಳೆಸಕೂಡದೆಂಬುದು ಅದರ ಗೆರೆ. ಸುಮಾರು ಆ ಹೊತ್ತಿಗೆ ಭ್ರೂಣದಲ್ಲಿ ಬೆನ್ನಿನ ದಿಕ್ಕನ್ನು ತೋರುವ ಮೊದಲ ರೇಖೆ ಮೂಡುತ್ತದೆ. ಅದಕ್ಕೆ ಮುಂಚೆ ಒಂದೇ ಭ್ರೂಣ ಎರಡಾಗಿ ಒಡೆದು ಅವಳಿಯಾಗುವುದೂ ಉಂಟು; ಒಬ್ಬರೋ ಇಬ್ಬರೋ ಎಂಬುದೇ ನಿಶ್ಚಯವಾಗದ ಸ್ಥಿತಿ ಅದು. ನಮ್ಮ ಗರ್ಭೋಪನಿಷತ್ತು ಒಂದು ರಾತ್ರಿಗೆ ಕಲಲ, ಏಳು ರಾತ್ರಿಗೆ ಬುದ್ಬುದ, ಅರ್ಧಮಾಸಕ್ಕೆ ಪಿಂಡ ಎಂದು ಘಟ್ಟಗಳನ್ನು ಎಣಿಸುತ್ತದೆ. ಎಲ್ಲವೂ ನಮ್ಮವರಿಗೆ ಆಗಲೇ ತಿಳಿದಿತ್ತೆಂದು ಮೀಸೆ ತಿರುವುವವನು ನಾನಲ್ಲ. ದಿನದಿನಕ್ಕೂ ಅವಸ್ಥೆ ಬೇರೆಂಬ ಎಚ್ಚರ ಹಳೆಯದು ಎಂದಷ್ಟೇ ಹೇಳುತ್ತೇನೆ.

ಜರ್ಮನಿಯ ದಾರಿ ಬೇರೆ. ಅಲ್ಲಿನ ೧೯೯೦ರ ಕಾಯಿದೆಯ ಪ್ರಕಾರ ಸಂಶೋಧನೆಗಾಗಿ ಭ್ರೂಣವನ್ನು ನಾಶಮಾಡುವಂತಿಲ್ಲ. ಆದರೆ ೨೦೦೨ರ ಇನ್ನೊಂದು ಕಾಯಿದೆ, ಗೊತ್ತಾದ ದಿನಾಂಕಕ್ಕೆ ಮುಂಚೆ ಹೊರದೇಶದಲ್ಲಿ ತಯಾರಾದ ಕೋಶಸಂತತಿಯನ್ನು ಅಪ್ಪಣೆ ಪಡೆದು ತರಿಸಿಕೊಳ್ಳಲು ಬಿಟ್ಟಿತು. ಮನೆಯೊಳಗೆ ಈರುಳ್ಳಿ ಸೇರಿಸದೆ ಹೋಟೆಲಿನಲ್ಲಿ ಸಾಗು ತಿನ್ನುವ ಮಡಿವಂತರನ್ನು ಕಂಡವರಿಗೆ ಇದು ಹೊಸತೆನಿಸದು. ಅಮೆರಿಕದ ಅಧ್ಯಕ್ಷ ಬುಷ್ ೨೦೦೧ರ ಆಗಸ್ಟ್ ೯ರಂದು, ಅಂದಿನವರೆಗೆ ತಯಾರಾಗಿದ್ದ ಕೋಶಸಂತತಿಗಳ ಮೇಲಿನ ಸಂಶೋಧನೆಗೆ ಮಾತ್ರ ಕೇಂದ್ರ ಸರ್ಕಾರದ ಹಣವೆಂದು ಸಾರಿದರು. ಆಗ ಪ್ರಕಟವಾದ ೬೪ರ ಪಟ್ಟಿಯಲ್ಲಿ ೧೦ ಭಾರತದವು. ಅವುಗಳಲ್ಲಿ ೩ ನಮ್ಮ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದವು! ಆ ಹೊತ್ತಿಗೆ ಈ ವಿಷಯಕ್ಕೆಂದೇ ಮಾಡಿದ ಕಾಯಿದೆ ನಮ್ಮಲ್ಲಿ ಒಂದೂ ಇರಲಿಲ್ಲ. ಮುಂದೆ ಬೆಂಗಳೂರಿನ ಜಕ್ಕೂರಿನಲ್ಲಿರುವ ಜವಾಹರಲಾಲ್ ನೆಹರೂ ಉನ್ನತ ಸಂಶೋಧನಾ ಕೇಂದ್ರದಲ್ಲಿ ಮನೀಷಾ ಇನಾಮದಾರ್ ಮತ್ತು ಸಂಗಡಿಗರು, ಚಿಕಿತ್ಸೆಗೆ ಒದಗದೆಂದು ಕೈಬಿಟ್ಟ ಭ್ರೂಣಗಳಿಂದ ಎರಡು ಕೋಶಸಂತತಿಗಳನ್ನು ಬೆಳೆಸಿ ೨೦೦೯ರಲ್ಲಿ ಪ್ರಕಟಿಸಿದರು. ಅವನ್ನು ಇಂಗ್ಲೆಂಡಿನ ಆಕರಕೋಶ ಭಂಡಾರದಲ್ಲಿಯೂ ಇರಿಸಲಾಯಿತು.

ನಮ್ಮಲ್ಲಿ ಮೊದಲು ಬಂದದ್ದು ಮಾರ್ಗಸೂಚಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿ ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ ೨೦೦೭ರಲ್ಲಿ ಹೊರಡಿಸಿ, ೨೦೧೩ರಲ್ಲಿ, ಮತ್ತೆ ೨೦೧೭ರಲ್ಲಿ ತಿದ್ದಿದವು. ಹದಿನಾಲ್ಕು ದಿನದ ಗೆರೆ ಅದರಲ್ಲಿಯೂ ಇದೆ. ಆದರೆ ಮಾರ್ಗಸೂಚಿ ಬೇರೆ, ಕಾಯಿದೆ ಬೇರೆ. ಮೇಷ್ಟರುಗಳಿಗೆ ಬರುವ ಸುತ್ತೋಲೆಗಳ ಗತಿ ಏನೆಂದು ನಾನು ಬಲ್ಲೆ.

ಕಾಯಿದೆ ಬಂದದ್ದು ೨೦೨೧ರಲ್ಲಿ. ಜಾರಿಯಾದದ್ದು ೨೦೨೨ರ ಜನವರಿ ೨೫ರಿಂದ. ನೆರವಿನ ಸಂತಾನೋತ್ಪತ್ತಿ ತಂತ್ರಜ್ಞಾನ ನಿಯಂತ್ರಣ ಕಾಯಿದೆಯೆಂದು ಅದರ ಹೆಸರು. ಸಂಬಂಧಪಟ್ಟವರೆಲ್ಲರ ಲಿಖಿತ ಒಪ್ಪಿಗೆಯಿಲ್ಲದೆ ಭ್ರೂಣವನ್ನು ಯಾವ ಕಾರ್ಯಕ್ಕೂ ಬಳಸುವಂತಿಲ್ಲವೆಂದು ಅದರ ೨೨ನೆಯ ಕಲಮು. ಗಂಡನೊಬ್ಬನ ರುಜು ಸಾಲದು. ಹತ್ತು ವರ್ಷಕ್ಕಿಂತ ಹೆಚ್ಚು ಇಡಕೂಡದು. ಅವಧಿ ತೀರಿದ ಮೇಲೆ ತಾನಾಗಿ ನಶಿಸಲು ಬಿಡಬೇಕು, ಇಲ್ಲವೇ ದಂಪತಿಗಳು ಒಪ್ಪಿದರೆ ಈ ಕಾಯಿದೆಯ ಮೇರೆಗೆ ನೋಂದಾಯಿತವಾದ ಸಂಶೋಧನಾ ಸಂಸ್ಥೆಗೆ ದಾನ ಕೊಡಬೇಕು ಎಂದು ೨೮ನೆಯದು. ಸಂಶೋಧನೆಗಾಗಿ ಹೊರದೇಶಕ್ಕೆ ಕಳಿಸುವುದು ಪೂರಾ ನಿಷಿದ್ಧ. ಸಂಶೋಧನೆಗೆಂದು ಮಾರಿದವರಿಗೆ ಮೊದಲ ಸಲ ಐದರಿಂದ ಹತ್ತು ಲಕ್ಷ ರೂಪಾಯಿ ದಂಡ; ಮತ್ತೆ ಮಾಡಿದರೆ ಮೂರರಿಂದ ಎಂಟು ವರ್ಷ ಸೆರೆಮನೆ, ಜೊತೆಗೆ ಹತ್ತರಿಂದ ಇಪ್ಪತ್ತು ಲಕ್ಷ ದಂಡ.

ಇಷ್ಟಾದರೂ ಒಂದು ಸಂದು ಉಳಿಯಿತೆಂದು ನನಗೆ ತೋರುತ್ತದೆ. ಭ್ರೂಣವೆಂದರೆ ಫಲಿತವಾದ ದಿನದಿಂದ ೫೬ ದಿನದವರೆಗಿನ ಜೀವಿ ಎಂದು ಕಾಯಿದೆ ಅರ್ಥ ಹೇಳುತ್ತದೆ. ಅದರಿಂದ ಬೆಳೆಸಿದ ಕೋಶಸಂತತಿ ಈ ಅರ್ಥದೊಳಗೆ ಬರುತ್ತದೆಯೇ? ನಾನು ಓದಿದಂತೆ ಬರುವುದಿಲ್ಲ. ಭ್ರೂಣ ಗಡಿ ದಾಟಕೂಡದು, ಸರಿ. ಅದರ ಸಂತತಿಯನ್ನು ತಡೆಯುವ ಮಾತು ಆ ಕಲಮಿನಲ್ಲಿಲ್ಲ. ದಂಪತಿಗಳು ಒಮ್ಮೆ ರುಜು ಮಾಡುವುದು ಚುಕ್ಕೆಯಷ್ಟು ಭ್ರೂಣಕ್ಕೆ. ಅದರ ಕೋಶಗಳು ಅವರ ಆಯುಸ್ಸನ್ನೂ ಮೀರಿ ಉಳಿಯಬಹುದು, ಅವುಗಳಿಂದ ಔಷಧ ಹುಟ್ಟಬಹುದು, ಲಾಭವೂ ಬರಬಹುದು. ಆ ಲಾಭದಲ್ಲಿ ಅವರಿಗೆ ಪಾಲಿನ ಮಾತು ಈ ಕಾಯಿದೆಯಲ್ಲಿಲ್ಲ. ಒಪ್ಪಿಗೆಯನ್ನು ಹಿಂತೆಗೆದುಕೊಳ್ಳಲು ಕಾಯಿದೆಯಲ್ಲಿ ಅವಕಾಶವುಂಟು. ಆದರೆ ಕೋಶಗಳು ಹತ್ತು ಪ್ರಯೋಗಶಾಲೆಗಳಿಗೆ ಹಂಚಿಹೋದ ಮೇಲೆ ಹಿಂತೆಗೆಯುವುದು ಏನನ್ನು? ಆದುದರಿಂದ ಕೇಳುವುದನ್ನೆಲ್ಲ ರುಜುವಿಗೆ ಮುಂಚೆಯೇ ಕೇಳತಕ್ಕದ್ದು.

ಇನ್ನೊಂದು ಮಾತು. ಆಕರಕೋಶದಿಂದ ಎಲ್ಲ ರೋಗವೂ ವಾಸಿಯೆಂಬ ಜಾಹೀರಾತುಗಳಿಗೂ ಈ ಸಂಶೋಧನೆಗೂ ನಂಟು ಕಲ್ಪಿಸಬೇಡಿ. ರಕ್ತದ ಕಾಯಿಲೆ ಮೊದಲಾದವುಗಳಿಗೆ ಮಾಡುವ ಮಜ್ಜೆಯ ಕಸಿಯಂಥದನ್ನು ಬಿಟ್ಟರೆ ಮಿಕ್ಕದ್ದೆಲ್ಲ ಪ್ರಯೋಗವೆಂದೂ, ಪ್ರಯೋಗಕ್ಕೆ ರೋಗಿಯಿಂದ ಹಣ ಪಡೆಯಕೂಡದೆಂದೂ ೨೦೧೭ರ ಮಾರ್ಗಸೂಚಿ ಹೇಳಿದೆ.

ಎರಡು ವಾರದ ಮೇಲೆ ಅವರಿಬ್ಬರೂ ಬಂದರು. ಹಾಳೆಗಳನ್ನು ಹರಡಿ ಕನ್ನಡದಲ್ಲಿ ಓದಿ ಹೇಳಿದೆ. ಸಂಶೋಧನೆಯ ಮುಂದೆ ಯಾವ ಸಂಸ್ಥೆಗೆ ಎಂಬ ಜಾಗ ಖಾಲಿ ಇತ್ತು. ಸಂಸ್ಥೆಯ ಹೆಸರು, ನೋಂದಣಿಯ ಸಂಖ್ಯೆ, ಭ್ರೂಣದಿಂದ ಕೋಶಸಂತತಿ ಬೆಳೆಸುವರೇ ಇಲ್ಲವೇ ಎಂಬುದು, ಈ ಮೂರನ್ನೂ ಬರೆದು ಕೊಡಿರೆಂದು ಆಸ್ಪತ್ರೆಗೆ ಕನ್ನಡದಲ್ಲಿಯೇ ಕಾಗದ ಬರೆದೆವು. ಆತನಿಗೆ ಕೊಡುವ ಮನಸ್ಸಿತ್ತು. ನಾಲ್ಕು ಜನರ ಕಾಯಿಲೆಗೆ ಆದರೆ ಆಗಲಿ ಎಂದ. ಆಕೆ ಜಗಲಿಯ ಕಡೆ ನೋಡುತ್ತ, “ಇವಳ ಜೊತೆಯವೇ ಅಲ್ಲವಾ ಸಾರ್ ಅವೂ?” ಎಂದಳು. ನಾನು ಹೌದಮ್ಮ ಎಂದೆ. ಉತ್ತರ ಇನ್ನೂ ಬಂದಿಲ್ಲ, ಅವರು ರುಜುವನ್ನೂ ಹಾಕಿಲ್ಲ. ಕಾಯಿದೆಯ ಹತ್ತು ವರ್ಷದಲ್ಲಿ ಇನ್ನು ಏಳು ಉಳಿದಿವೆ.