ಕಾಗದದ ಕಂಬ, ರಬ್ಬರಿನ ನಾಣ್ಯ



ಮಗನ ಮನೆಗೆಂದು ನಾನೂ ನನ್ನ ಹೆಂಡತಿಯೂ ಲಂಡನ್ನಿಗೆ ಹೋಗಿ ಬಂದ ಮೇಲೆ, ಊರಲ್ಲಿ ಸಿಕ್ಕವರೆಲ್ಲ ಅರಮನೆ ನೋಡಿದಿರಾ, ದೊಡ್ಡ ಗಡಿಯಾರ ನೋಡಿದಿರಾ ಎಂದು ಕೇಳುತ್ತಾರೆ. ನೋಡಿದ್ದೇವೆ, ರಸ್ತೆಯಲ್ಲಿ ನಿಂತು. ಇಡೀ ದಿನ ಒಳಹೊಕ್ಕು ನೋಡಿದ್ದು ಒಂದೇ ಜಾಗವನ್ನು. ಅದು ಅರಮನೆಯಲ್ಲ, ಇಗರ್ಜಿಯೂ ಅಲ್ಲ. ಒಂದು ಸಿನಿಮಾ ತಯಾರಿಸಿದ ಕೊಟ್ಟಿಗೆ. ಆ ಕೊಟ್ಟಿಗೆಯ ಸಂಗತಿಯನ್ನೇ ಇಂದು ನಿಮಗೆ ಹೇಳುತ್ತೇನೆ.

ಹ್ಯಾರಿ ಪಾಟರ್ ಎಂಬ ಹೆಸರನ್ನು ನಿಮ್ಮ ಮನೆಯ ಮಕ್ಕಳು ಹೇಳಿದ್ದನ್ನು ಕೇಳಿರಬಹುದು. ಮಂತ್ರವಿದ್ಯೆ ಕಲಿಸುವ ಶಾಲೆಗೆ ಸೇರುವ ಒಬ್ಬ ಅನಾಥ ಹುಡುಗನ ಕಥೆ ಅದು. ಜೆ. ಕೆ. ರೌಲಿಂಗ್ ಎಂಬ ಲೇಖಕಿ 1997ರಿಂದ 2007ರವರೆಗೆ ಏಳು ಪುಸ್ತಕಗಳಲ್ಲಿ ಬರೆದರು. ಅದರಿಂದ 2001ರಿಂದ 2011ರವರೆಗೆ ಎಂಟು ಸಿನಿಮಾಗಳು ಬಂದವು. ಹತ್ತು ವರ್ಷ ಆ ಸಿನಿಮಾಗಳ ಕೆಲಸ ನಡೆದ ಸ್ಟುಡಿಯೋದಲ್ಲಿ ಸೆಟ್ಟು, ಉಡುಪು, ಮುಖವಾಡ, ಸಾಮಾನುಗಳನ್ನೆಲ್ಲ ಉಳಿಸಿಕೊಂಡು, 2012ರ ಮಾರ್ಚ್ 31ರಿಂದ ಜನರಿಗೆ ತೋರಿಸುತ್ತಿದ್ದಾರೆ. ಟಿಕೇಟನ್ನು ಮೊದಲೇ ತೆಗೆದಿರಬೇಕು. ಬಾಗಿಲಲ್ಲಿ ಹೋಗಿ ಕೇಳಿದರೆ ಸಿಗುವುದಿಲ್ಲ.

ನನ್ನ ಮೊಮ್ಮಗಳಿಗೆ ಆಗ ಒಂಬತ್ತು ವರ್ಷ. ಆ ಪುಸ್ತಕಗಳನ್ನು ತಲೆದಿಂಬಿನ ಪಕ್ಕದಲ್ಲಿ ಇಟ್ಟುಕೊಂಡೇ ಮಲಗುವವಳು. ಮಗ ಟಿಕೇಟು ತೆಗೆದಿದ್ದೇನೆ ಎಂದಾಗ ನಾನು ಬೇಡವೆಂದೆ. ಅವನಿಗೆ ಆಶ್ಚರ್ಯವಾಯಿತು. ನಾನು ಕಾರಣ ಹೇಳಲಿಲ್ಲ. ಈಗ ನಿಮಗೆ ಹೇಳುತ್ತೇನೆ.

ನಾನೂ ಅವಳಷ್ಟೇ ಪ್ರಾಯದವನಿದ್ದಾಗ ನಮ್ಮ ಕುಂಬಳೆ ಸೀಮೆಯ ಒಂದು ಗದ್ದೆಯಲ್ಲಿ ಯಕ್ಷಗಾನ ಬಯಲಾಟವಿತ್ತು. ಬಣ್ಣದ ವೇಷವೆಂದರೆ ನನಗೆ ಹೆದರಿಕೆ, ಆದರೂ ಅದನ್ನು ನೋಡದೆ ಇರಲಾಗದು. ನಡುರಾತ್ರಿ ಮೆಲ್ಲನೆ ಎದ್ದು ಚೌಕಿಯ ಸೋಗೆ ಸರಿಸಿ ಇಣುಕಿದೆ. ಆಗಷ್ಟೇ ಬೆಂಕಿ ಹಾರಿಸಿ ಅಬ್ಬರಿಸಿ ಹೋದ ರಾಕ್ಷಸ ಕಿರೀಟ ಕೆಳಗಿಟ್ಟು, ಮುಖದ ಚಿಟ್ಟಿ ಕೆಡದ ಹಾಗೆ ತುಟಿಯ ಸಂದಿಯಲ್ಲಿ ಬೀಡಿ ಇಟ್ಟುಕೊಂಡು, ಬೆನ್ನು ತುರಿಸಿಕೊಳ್ಳುತ್ತಿದ್ದ. ನಾನು ಅಳುತ್ತ ಓಡಿದೆ. ಆಮೇಲೆ ಎರಡು ವರ್ಷ ಆಟಕ್ಕೆ ಕರೆದರೆ ಹೋಗಲಿಲ್ಲ. ಹೆದರಿಕೆಯಿಂದ ಅಲ್ಲ, ಹೆದರಿಕೆ ಹೋಗಿಬಿಟ್ಟಿತಲ್ಲ ಎಂಬ ದುಃಖದಿಂದ. ಈ ಮಗುವಿಗೂ ಹಾಗೆಯೇ ಆದರೆ ಏನು ಗತಿ ಎಂಬುದೇ ನನ್ನ ಚಿಂತೆ.

ಕೊನೆಗೆ ಹೋದೆವು. ಲಂಡನ್ನಿನ ಯೂಸ್ಟನ್ ಸ್ಟೇಷನ್ನಿನಿಂದ ವಾಟ್‌ಫೋರ್ಡ್ ಜಂಕ್ಷನ್ನಿಗೆ ರೈಲಿನಲ್ಲಿ ಇಪ್ಪತ್ತು ನಿಮಿಷ, ಅಲ್ಲಿಂದ ಬಸ್ಸಿನಲ್ಲಿ ಹದಿನೈದು ನಿಮಿಷ. ಜಾಗದ ಹೆಸರು ಲೀವ್ಸ್‌ಡನ್. ಇದು ಮೊದಲು ವಿಮಾನ ಕಾರ್ಖಾನೆಯಾಗಿತ್ತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಇಲ್ಲಿ ಮೊಸ್ಕಿಟೊ, ಹ್ಯಾಲಿಫ್ಯಾಕ್ಸ್ ಎಂಬ ಯುದ್ಧವಿಮಾನಗಳನ್ನು ಮಾಡುತ್ತಿದ್ದರು. ಮೊಸ್ಕಿಟೊ ಎಂದರೆ ಪ್ಲೈವುಡ್ಡಿನ ವಿಮಾನ, ಅಂದರೆ ಅರ್ಧ ಬಡಗಿಗಳ ಕೆಲಸ. ಕಾರ್ಖಾನೆ ಮುಚ್ಚಿದ ಮೇಲೆ ನಡುವೆ ಕಂಬಗಳಿಲ್ಲದ ಆ ಎತ್ತರದ ಕಟ್ಟಡಗಳು ಸಿನಿಮಾದವರಿಗೆ ಅನುಕೂಲವಾದವು. ಅಂತೂ ಬಡಗಿಗಳ ಜಾಗ ಮತ್ತೆ ಬಡಗಿಗಳಿಗೇ ಬಂತು.

ಮೊದಲು ನಮ್ಮನ್ನು ಒಂದು ದೊಡ್ಡ ಬಾಗಿಲ ಮುಂದೆ ನಿಲ್ಲಿಸಿದರು. ಬಾಗಿಲು ತೆರೆದರೆ ಆ ಶಾಲೆಯ ಊಟದ ಮಹಾಸಭಾಂಗಣ. ಉದ್ದುದ್ದ ಮೇಜುಗಳು, ತಟ್ಟೆ ಲೋಟಗಳು, ತುದಿಯಲ್ಲಿ ಗುರುಗಳ ಪೀಠ. ಸುತ್ತಲಿನ ಕಲ್ಲುಗೋಡೆ ಕಲ್ಲಲ್ಲ, ಮರದ ಚೌಕಟ್ಟಿಗೆ ಗಾರೆ ಹಿಡಿದು ಬಣ್ಣ ಹೊಡೆದದ್ದು. ಆದರೆ ಕಾಲಕೆಳಗಿನ ಹಾಸುಗಲ್ಲು ಮಾತ್ರ ನಿಜವಾದ ಯಾರ್ಕ್‌ಷೈರ್ ಕಲ್ಲು. ಎಂಟು ಸಿನಿಮಾದ ನೂರಾರು ಮಕ್ಕಳು ಓಡಾಡುವ ನೆಲ ಅದು. ಬಣ್ಣದ ಹಲಗೆ ಹಾಸಿದ್ದರೆ ಒಂದೇ ವರ್ಷದಲ್ಲಿ ಸವೆದುಹೋಗುತ್ತಿತ್ತು. ಎಲ್ಲಿ ಸುಳ್ಳು ಸಾಕು, ಎಲ್ಲಿ ನಿಜವೇ ಬೇಕು ಎಂದು ಲೆಕ್ಕ ಹಾಕಿದವನು ಜಾಣ.

ಸಿನಿಮಾದಲ್ಲಿ ಆ ಸಭಾಂಗಣದ ಮೇಲೆ ನಕ್ಷತ್ರಗಳ ಆಕಾಶ ಕಾಣುತ್ತದೆ, ಮೇಣದ ಬತ್ತಿಗಳು ತೇಲುತ್ತವೆ. ಮೊಮ್ಮಗಳು ತಲೆ ಎತ್ತಿ ನೋಡಿ, "ಅಜ್ಜ, ಇಲ್ಲಿ ಮೇಲೆ ಏನೂ ಇಲ್ಲ" ಎಂದಳು. ನಿಜ, ಮಾಡೇ ಇಲ್ಲ. ದೀಪ ತೂಗಿಸುವ ಕಬ್ಬಿಣ ಮಾತ್ರ. ಆಕಾಶವನ್ನು ಆಮೇಲೆ ಸೇರಿಸಿದ್ದು. ನನ್ನ ಎದೆ ಧಸಕ್ಕೆಂದಿತು. ಮೊದಲ ಸಿನಿಮಾಕ್ಕೆ ನಿಜವಾಗಿ ಉರಿಯುವ ಬತ್ತಿಗಳನ್ನೇ ಸಣ್ಣ ತಂತಿಯಲ್ಲಿ ತೂಗಿಸಿದ್ದರಂತೆ. ಬೆಂಕಿಯ ಕಾವಿಗೆ ತಂತಿ ತುಂಡಾಗಿ ಬತ್ತಿಗಳು ಕೆಳಕ್ಕೆ ಬೀಳತೊಡಗಿದ ಮೇಲೆ, ಮಕ್ಕಳ ತಲೆಯ ಮೇಲೆ ಬೇಡವೆಂದು ಕಂಪ್ಯೂಟರಿನಲ್ಲಿ ಬಿಡಿಸಿದರಂತೆ. ಇದನ್ನು ಕೇಳಿ ಮಗು ಕಿಲಕಿಲ ನಕ್ಕಳು. ನನಗೆ ಸ್ವಲ್ಪ ಧೈರ್ಯ ಬಂತು.

ಮುಂದೆ ಹುಡುಗರ ಮಲಗುವ ಕೋಣೆ. ಹನ್ನೊಂದು ವರ್ಷದ ಮಕ್ಕಳ ಅಳತೆಗೆ ಮಾಡಿದ ಮಂಚಗಳು. ಹತ್ತು ವರ್ಷದಲ್ಲಿ ಹುಡುಗರು ಬೆಳೆದರು, ಮಂಚ ಬೆಳೆಯಲಿಲ್ಲ. ಹೊಸ ಮಂಚ ಮಾಡಿಸಲಿಲ್ಲ, ಕಾಲು ಹೊರಗೆ ಚಾಚಿದ್ದು ಕಾಣದ ಹಾಗೆ ಕ್ಯಾಮರಾ ಇಟ್ಟರು. ನಮ್ಮ ಮನೆಗಳಲ್ಲೂ ಅಣ್ಣನ ಅಂಗಿಯನ್ನು ತಮ್ಮನಿಗೆ ಹೀಗೇ ಅಲ್ಲವೇ ಹೊಂದಿಸುವುದು! ದೊಡ್ಡ ಗುರುವಿನ ಕೋಣೆಯಲ್ಲಿ ಚರ್ಮದ ಕಟ್ಟಿನ ಪುರಾತನ ಗ್ರಂಥಗಳ ಸಾಲು. ಹೆಚ್ಚಿನವು ಹಳೆಯ ಟೆಲಿಫೋನ್ ಡೈರೆಕ್ಟರಿಗಳು, ಮೇಲೆ ಹೊದಿಕೆ ಹಾಕಿದ್ದಾರೆ. ಔಷಧಿ ಪಾಠದ ಕೋಣೆಯ ಗಾಜಿನ ಭರಣಿಗಳಲ್ಲಿ ಏನೇನೋ ಭಯಂಕರ ವಸ್ತುಗಳು. ವಿಚಾರಿಸಿದರೆ, ಹತ್ತಿರದ ಮಾಂಸದಂಗಡಿಯಿಂದ ತಂದು ಒಲೆಯಲ್ಲಿ ಸುಟ್ಟ ಎಲುಬುಗಳು!

ಮಧ್ಯದಲ್ಲಿ ಊಟದ ಜಾಗವಿದೆ. ಅಲ್ಲಿ ಬಟರ್‌ಬಿಯರ್ ಎಂಬ ಪಾನೀಯ ಮಾರುತ್ತಾರೆ. ಹೆಸರು ಕೇಳಿ ನನ್ನ ಹೆಂಡತಿ ದೂರ ಸರಿದು ನಿಂತಳು. ಅದರಲ್ಲಿ ಬಿಯರೂ ಇಲ್ಲ, ಅಮಲೂ ಇಲ್ಲ, ಬರೇ ಸಿಹಿ ನೊರೆ. ಒಂದು ಗುಟುಕು ಕುಡಿದು, "ಬೆಲ್ಲದ ಪಾಕಕ್ಕೆ ಸೋಡಾ ಹಾಕಿದ ಹಾಗಿದೆ" ಎಂದು ತೀರ್ಪು ಕೊಟ್ಟಳು.

ಇನ್ನು ನನ್ನ ಕಾಲು ತಾನಾಗಿ ನಿಂತ ಜಾಗ. ಅದೊಂದು ಬ್ಯಾಂಕು.

ಕಥೆಯಲ್ಲಿ ಮಂತ್ರವಾದಿಗಳ ಹಣ ಇಡುವ ಗ್ರಿಂಗಾಟ್ಸ್ ಎಂಬ ಬ್ಯಾಂಕಿದೆ. ಗಾಬ್ಲಿನ್ ಎಂಬ ಉದ್ದ ಮೂಗಿನ, ಚೂಪು ಕಿವಿಯ ಕುಳ್ಳರು ಅಲ್ಲಿಯ ಗುಮಾಸ್ತರು. ಮೊದಲ ಸಿನಿಮಾಕ್ಕೆ ಲಂಡನ್ನಿನ ಆಸ್ಟ್ರೇಲಿಯಾ ಹೌಸ್ ಎಂಬ ನಿಜವಾದ ಕಟ್ಟಡದಲ್ಲೇ ಚಿತ್ರೀಕರಿಸಿದರು. ಕೊನೆಯ ಸಿನಿಮಾದಲ್ಲಿ ಒಂದು ಡ್ರ್ಯಾಗನ್ ಆ ಬ್ಯಾಂಕನ್ನು ಪುಡಿ ಮಾಡಿಕೊಂಡು ಹಾರಿಹೋಗಬೇಕು. ಇನ್ನೊಬ್ಬರ ಕಟ್ಟಡವನ್ನು ಪುಡಿ ಮಾಡಲು ಆಗುತ್ತದೆಯೇ? ಹಾಗಾಗಿ ಅದೇ ತರಹದ್ದನ್ನು ಸ್ಟುಡಿಯೋದಲ್ಲಿ ಕಟ್ಟಿದರು. 2019ರಿಂದ ಅದನ್ನು ಜನರಿಗೆ ತೋರಿಸುತ್ತಿದ್ದಾರೆ.

ಒಳಗೆ ಕಾಲಿಟ್ಟಾಗ ನಾನು ಸತ್ಯವಾಗಿ ಚಪ್ಪಲಿ ಕಳಚಬೇಕೇ ಎಂದು ನೋಡಿದೆ. ಎರಡೂ ಕಡೆ ಅಮೃತಶಿಲೆಯ ಆಳೆತ್ತರ ಮೀರಿದ ಕಂಬಗಳು, ಮೇಲೆ ಹರಳಿನ ಮೂರು ದೊಡ್ಡ ದೀಪಗುಚ್ಛಗಳು. ಆ ಕಂಬಗಳು ಕಾಗದ! ತೊಟ್ಟಿಯಲ್ಲಿ ನೀರಿನ ಮೇಲೆ ಎಣ್ಣೆಬಣ್ಣ ತೇಲಿಸಿ, ಮೆಲ್ಲನೆ ಕಲಕಿ, ಅದರ ಮೇಲೆ ಕಾಗದವನ್ನಿಟ್ಟು ಎತ್ತಿದರೆ ಕಲ್ಲಿನ ನರಗಳಂಥ ಗೆರೆಗಳು ಮೂಡುತ್ತವೆ. ಆ ಕಾಗದವನ್ನು ಕಂಬಕ್ಕೆ ಸುತ್ತಿ ಅಂಟಿಸುವುದು. ನಮ್ಮಲ್ಲಿ ಹಳೆಯ ಲೆಕ್ಕದ ಪುಸ್ತಕಗಳ ರಟ್ಟಿನ ಒಳಬದಿಗೆ ಅಂಥದೇ ಬಣ್ಣದ ಕಾಗದ ಅಂಟಿಸಿರುತ್ತಿದ್ದರು. ಅದನ್ನು ಕಂಡವರಿಗೆ ಥಟ್ಟನೆ ನೆನಪಾಗುತ್ತದೆ.

ಗುಮಾಸ್ತರ ಎತ್ತರದ ಮೇಜುಗಳ ಮೇಲೆ ಲೆಡ್ಜರು, ಮಸಿಕುಡಿಕೆ, ಗರಿಯ ಲೇಖನಿ, ನಾಣ್ಯ. ನಾನು ಮ್ಯಾಟ್ರಿಕ್ ಪಾಸಾಗಿ 1980ರ ದಶಕದಲ್ಲಿ ಬ್ಯಾಂಕಿಗೆ ಸೇರಿದವನು. ಲೆಡ್ಜರು ಎತ್ತಲು ಆಗ ಎರಡು ಕೈ ಬೇಕು. ಜೂನ್, ಡಿಸೆಂಬರ್ ಕೊನೆಯಲ್ಲಿ ಬಡ್ಡಿ ಹಾಕಿ ಹದಿನೇಳು ಪೈಸೆ ತಾಳೆಯಾಗದೆ ರಾತ್ರಿ ಹತ್ತು ಗಂಟೆಯವರೆಗೆ ಕುಳಿತದ್ದುಂಟು. ಈ ಗಾಬ್ಲಿನ್‌ಗಳ ಪಾಡು ಇನ್ನೂ ಕಷ್ಟ. ಅವರ ಒಂದು ಗ್ಯಾಲಿಯನ್ ಎಂದರೆ 17 ಸಿಕಲ್, ಒಂದು ಸಿಕಲ್ ಎಂದರೆ 29 ನಟ್. ಅಂದರೆ ಗ್ಯಾಲಿಯನ್ನಿಗೆ 493 ನಟ್. ನಮ್ಮ ಹಿರಿಯರ ರೂಪಾಯಿ ಆಣೆ ಪೈ ಲೆಕ್ಕದಲ್ಲಿ ರೂಪಾಯಿಗೆ 192 ಪೈ ಇದ್ದದ್ದೇ ಸಾಕಷ್ಟು ತಲೆನೋವಾಗಿತ್ತು. ಮೊಮ್ಮಗಳಿಗೆ ಇದನ್ನು ಲೆಕ್ಕ ಹಾಕಿ ಹೇಳಿದೆ. ಅಜ್ಜನಿಗೂ ಈ ಕಥೆಯಲ್ಲಿ ಒಂದು ಕೆಲಸವಿದೆ ಎಂದು ಅವಳಿಗೆ ಆಗ ತಿಳಿಯಿತು.

ಬ್ಯಾಂಕಿನ ಒಳಗೆ ಖಜಾನೆ. ಕಥೆಯ ಪ್ರಕಾರ ಅಲ್ಲಿಯ ಒಂದು ಬಟ್ಟಲು ಮುಟ್ಟಿದರೆ ಅದು ಎರಡಾಗಿ, ನಾಲ್ಕಾಗಿ, ರಾಶಿಯಾಗಿ ಮಕ್ಕಳನ್ನೇ ಮುಳುಗಿಸುತ್ತದೆ. ಅದಕ್ಕಾಗಿ 38,000 ಬಂಗಾರದ ವಸ್ತುಗಳನ್ನು ಮಾಡಿದ್ದಾರೆ. ಅದರಲ್ಲಿ ಒಂದೇ ನಮೂನೆಯ ಬಟ್ಟಲುಗಳು 7,014. ಎಲ್ಲವೂ ರಬ್ಬರು. ಚಿಲ್ಲರೆ ಚೀಲ ಹೊತ್ತು ಸೊಂಟ ಹಿಡಿಸಿಕೊಂಡ ನನಗೆ ಅದರ ಕಾರಣ ಯಾರೂ ಹೇಳಬೇಕಾಗಿಲ್ಲ. ಲೋಹದ್ದಾದರೆ ಆ ರಾಶಿಯ ಮೇಲೆ ಹೊರಳಾಡಿದ ನಟರ ಮೈ ಉಳಿಯುತ್ತಿರಲಿಲ್ಲ.

ಗಾಬ್ಲಿನ್‌ಗಳ ಮುಖವಾಡಗಳನ್ನು ಪಕ್ಕದಲ್ಲಿಟ್ಟಿದ್ದಾರೆ. ನಟನ ಮುಖದ ಅಚ್ಚು ತೆಗೆದು, ಅದರ ಅಳತೆಗೆ ಮೆತ್ತನೆಯ ಚರ್ಮದಂಥದ್ದನ್ನು ಎರಕ ಹೊಯ್ದು, ಹುಬ್ಬಿನ ಕೂದಲನ್ನು ಸೂಜಿಯಿಂದ ಒಂದೊಂದಾಗಿ ನೆಟ್ಟದ್ದು. ನಾನು ಅಲ್ಲಿ ನಿಂತು ಚಿಟ್ಟಿಯನ್ನೇ ನೆನೆದೆ. ಅಕ್ಕಿಹಿಟ್ಟು, ಸುಣ್ಣ ಕಲಸಿ ಬಣ್ಣದ ವೇಷಧಾರಿ ತನ್ನ ಮುಖದ ಮೇಲೆ ತಾನೇ ಕನ್ನಡಿ ಹಿಡಿದು ಒಂದೊಂದೇ ಮುಳ್ಳು ಎಬ್ಬಿಸುತ್ತ ಗಂಟೆಗಟ್ಟಲೆ ಕೂರುತ್ತಾನೆ. ಆ ರಾತ್ರಿ ನಾನು ನೋಡಿದ್ದು ಬೀಡಿಯನ್ನು ಮಾತ್ರ. ಅಷ್ಟು ಹೊತ್ತು ಕೂತ ಸೊಂಟವನ್ನು ನೋಡಲಿಲ್ಲ.

ಪೊರಕೆಯ ಮೇಲೆ, ಅಂದರೆ ನಮ್ಮ ಹಿಡಿಸೂಡಿಯ ಮೇಲೆ, ಹಾರುವುದನ್ನೂ ಅಲ್ಲಿ ಮಾಡಿಸುತ್ತಾರೆ. ಹಸಿರು ಬಟ್ಟೆಯ ಮುಂದೆ ಪೊರಕೆ ಏರಿ ಕುಳಿತವರ ಚಿತ್ರ ತೆಗೆದು, ಕಂಪ್ಯೂಟರು ಹಸಿರನ್ನು ಮಾತ್ರ ಅಳಿಸಿ ಅಲ್ಲಿ ಊರಿನ, ಆಕಾಶದ ಚಿತ್ರ ಕೂರಿಸುತ್ತದೆ. ಮನುಷ್ಯನ ಚರ್ಮದಲ್ಲಿ ಹಸಿರು ಇಲ್ಲವಾದ್ದರಿಂದ ಆ ಬಣ್ಣ. ಹಸಿರು ಅಂಗಿ ತೊಟ್ಟು ಹೋದರೆ ತಲೆ ಮಾತ್ರ ಹಾರೀತು! ಚಿತ್ರದ ಪ್ರತಿ ಬೇಕಾದರೆ ಬೇರೆ ಕಾಸು. ಮಲಯಾಳಂ ಬಲ್ಲ ನಮ್ಮ ಕೇಳುಗರಿಗೆ 1984ರ 'ಮೈ ಡಿಯರ್ ಕುಟ್ಟಿಚ್ಚಾತ್ತನ್' ನೆನಪಿರಬಹುದು. ಕಪ್ಪು ಕನ್ನಡಕ ಹಾಕಿಕೊಂಡು ನೋಡಿದ್ದೆವು. ಅದರಲ್ಲಿ ಮಕ್ಕಳು ಗೋಡೆ ಹತ್ತಿ ಮಾಡಿನ ಮೇಲೆ ತಲೆಕೆಳಗಾಗಿ ನಡೆಯುತ್ತಾರೆ. ಆಗ ಕಂಪ್ಯೂಟರು ಎಲ್ಲಿತ್ತು? ಇಡೀ ಕೋಣೆಯನ್ನೇ ಗಾಣದ ಹಾಗೆ ತಿರುಗಿಸಿದ್ದರು, ಕ್ಯಾಮರಾ ಕೋಣೆಯ ಜೊತೆಗೇ ತಿರುಗುತ್ತಿತ್ತು. ಮಕ್ಕಳು ನಡೆದದ್ದು ನೆಲದ ಮೇಲೆಯೇ. ಲಂಡನ್ನು ದೂರವಾಯಿತು ಎನ್ನುವವರು ಹೈದರಾಬಾದಿನ ಬಳಿಯ ರಾಮೋಜಿ ಫಿಲ್ಮ್ ಸಿಟಿಗೆ ಹೋಗಿ 'ಬಾಹುಬಲಿ'ಯ ಸೆಟ್ಟುಗಳನ್ನು ನೋಡಬಹುದು. ಇದೇ ವಿದ್ಯೆ.

ಕೊನೆಯಲ್ಲಿ ಆ ಶಾಲೆಯ ಕೋಟೆ. ಸಿನಿಮಾದಲ್ಲಿ ಬೆಟ್ಟದ ಮೇಲೆ ಕಾಣುವ ಕೋಟೆ ಇಲ್ಲಿ 50 ಅಡಿ ಅಗಲದ ಮಾದರಿ. 24 ಅಡಿಯ ಗೋಡೆ ಅಲ್ಲಿ ಒಂದು ಅಡಿ. ಬಂಡೆಗಳ ಮೇಲೆ ನಿಜವಾದ ಜಲ್ಲಿ, ನಿಜವಾದ ಗಿಡ. ಕಿಟಕಿಗಳಲ್ಲಿ ಎರಡೂವರೆ ಸಾವಿರ ಸಣ್ಣ ದೀಪ. ಮೊದಲ ಸಿನಿಮಾಕ್ಕಾಗಿ 86 ಮಂದಿ ಸೇರಿ ಕಟ್ಟಿದರು, ಆಮೇಲೆ ಸಿನಿಮಾದಿಂದ ಸಿನಿಮಾಕ್ಕೆ ತಿದ್ದುತ್ತ ಹೋದರು. ಅಷ್ಟೂ ಜನರ ಗಂಟೆಗಳನ್ನು ಕೂಡಿಸಿದರೆ 74 ವರ್ಷವಾಗುತ್ತದಂತೆ. ನನ್ನ ಆಯುಸ್ಸಿಗಿಂತ ಹೆಚ್ಚು. ಬೆಳಕು ಮೆಲ್ಲನೆ ಹಗಲಿನಿಂದ ರಾತ್ರಿಗೆ ತಿರುಗುತ್ತದೆ. ಆಗ ಯಾರೂ ಮಾತಾಡುವುದಿಲ್ಲ.

ಹೊರಗೆ ಬರುವ ಮೊದಲು ಒಂದು ಕೋಣೆ. ಗೋಡೆಯ ತುಂಬ ಮಂತ್ರದಂಡದ ಪೆಟ್ಟಿಗೆಗಳು, ನಾಲ್ಕು ಸಾವಿರಕ್ಕೂ ಹೆಚ್ಚು. ಒಂದೊಂದರ ಮೇಲೆ ಒಂದೊಂದು ಹೆಸರು. ನಾಯಕನ ಹೆಸರೂ ಇದೆ, ಬಡಗಿಯ ಹೆಸರೂ ಇದೆ. ಪೆಟ್ಟಿಗೆಯ ಅಳತೆ ಎಲ್ಲರಿಗೂ ಒಂದೇ. ನಮ್ಮ ಮೇಳಗಳಲ್ಲಿ ರಾತ್ರಿಯಿಡೀ ದೀಪ ಕಾಯ್ದವನ, ಪೆಟ್ಟಿಗೆ ಹೊತ್ತವನ ಹೆಸರು ಯಾವ ಕರಪತ್ರದಲ್ಲಿ ಬಂದದ್ದನ್ನೂ ನಾನು ಕಂಡಿಲ್ಲ.

ಮನೆಗೆ ಬಂದಾಗ ನನ್ನ ಕಾಲು ಬಾತಿತ್ತು. ರಾತ್ರಿ ಮೊಮ್ಮಗಳು ಹಟ ಮಾಡಿ ಕೊನೆಯ ಸಿನಿಮಾ ಹಾಕಿಸಿದಳು. ನಾನು ಅವಳ ಮುಖವನ್ನೇ ನೋಡುತ್ತ ಕುಳಿತೆ. ಖಜಾನೆಯ ದೃಶ್ಯ ಬಂತು. ಬಟ್ಟಲುಗಳು ಉಕ್ಕತೊಡಗಿದವು. "ಅಜ್ಜ, ಅದು ರಬ್ಬರು" ಎಂದು ನನ್ನ ಕಿವಿಯಲ್ಲಿ ಹೇಳಿದಳು. ಹೇಳಿ, ನನ್ನ ತೋಳನ್ನು ಬಿಗಿಯಾಗಿ ಹಿಡಿದು ಅದರ ಹಿಂದೆ ಮುಖ ಮುಚ್ಚಿಕೊಂಡಳು.

ಅಂದೇ ಅವಳಿಗೆ ಚೌಕಿಯ ಕಥೆ ಹೇಳಿದೆ, ಬೀಡಿಯ ಸಮೇತ. ಮುಂದಿನ ರಜೆಗೆ ಊರಿಗೆ ಬಂದಾಗ ಅಲ್ಲಿಗೆ ಕರೆದುಕೊಂಡು ಹೋಗಬೇಕಂತೆ. ಚಿಟ್ಟಿ ಇಡುವುದನ್ನು ಮೊದಲಿನಿಂದ ನೋಡಬೇಕಾದರೆ ಕತ್ತಲಾಗುವ ಮೊದಲೇ ಹೋಗಿ ಕೂರಬೇಕು ಎಂದಿದ್ದೇನೆ.